ಎಡಗಡೆಯ ಚೆಂಡು

ಅವನು ಚೆಂಡಿನ ಮೇಲೆ ಕಣ್ಣು ನೆಟ್ಟು, ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತಾ ಅವಳ ಕಡೆಗೇ ಬರುತ್ತಿದ್ದ.

ಅವಳು ಅಲುಗಲಿಲ್ಲ. ಹಳದಿ ಅಂಗಿ ತೊಟ್ಟು, ಆಟದ ಅಂಗಳದ ಗೆರೆಯ ಆಚೆ, ಅವನ ಎಡಕ್ಕೆ ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತವಳನ್ನು ಯಾರು ತಾನೇ ಕಾಣದೆ ಇರುತ್ತಾರೆ?

ಮರುಕ್ಷಣ ಬ್ಯಾಟಿನ ಅಂಚು ಅವಳ ಹುಬ್ಬಿಗೆ ಬಡಿಯಿತು.

ಕಣ್ಣು ಬಿಟ್ಟಾಗ ಅವಳು ನೆಲದ ಮೇಲೆ ಕುಳಿತಿದ್ದಳು. ಅವನು ಮಂಡಿಯೂರಿ, ತನ್ನ ಟವೆಲನ್ನು ಅವಳ ಹುಬ್ಬಿಗೆ ಒತ್ತಿ ಹಿಡಿದಿದ್ದ. 

"ನೀವು ಯಾವಾಗ ಬಂದು ನಿಂತ್ರಿ ಇಲ್ಲಿ?"

"ಹತ್ತು ನಿಮಿಷ ಆಯ್ತು."

"ಕಾಣಲೇ ಇಲ್ಲ..."

"ಲೋ, ಆಟಕ್ಕೆ ನಾಲ್ಕನೆಯವರು ಸಿಕ್ಕಿದ್ರು ಅಂತ ಕರೆದ್ರೆ ಬಂದವರ ಹಣೆನೇ ಒಡೀತೀಯಲ್ಲೋ," ಎಂದಳು ಬೆಂಚಿನ ಮೇಲೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅವನ ಅಕ್ಕ.

ಅವನು ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ, ತಾನು ಏನು ಒಡೆದೆನೋ ಎಂದು ಹುಡುಕುವವನ ಹಾಗೆ. ಅಷ್ಟು ಹತ್ತಿರದಿಂದ, ಅಷ್ಟು ಕಳವಳದಿಂದ ಅವಳನ್ನು ಯಾರೂ ನೋಡಿ ವರ್ಷಗಳಾಗಿದ್ದವು. ಆ ದಿನ ಅವಳ ಕಿವಿಗೆ ಬಿದ್ದದ್ದು ಅವನ ದನಿ ಮಾತ್ರ. ಅವನು ಆಡಿದ ಮಾತು ಒಳಗಿಳಿಯಲು ಇನ್ನೂ ಐದು ಭಾನುವಾರ ಬೇಕಿತ್ತು.

ಅವಳು ಊರಿಗೆ ಹೊಸಬಳು. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಅವನು ಶಾಲೆಯ ವ್ಯಾನಿನ ಡ್ರೈವರ್. ಹುಡುಗರಾಗಿದ್ದಾಗಲೇ ತಂದೆತಾಯಿಯನ್ನು ಕಳೆದುಕೊಂಡ ಅವನನ್ನೂ ಅಕ್ಕನನ್ನೂ ಸಾಕಿದವಳು ಅಜ್ಜಿ. ಅಕ್ಕನಿಗೆ ಹತ್ತು ವರ್ಷದ ಮಗಳು. ಹುಟ್ಟಿದಾಗ ಇಷ್ಟೇ ಇಷ್ಟು ಇದ್ದಳೆಂದು ಮನೆಯವರೆಲ್ಲ ಅವಳನ್ನು ಚಿಟಿಕೆ ಎನ್ನುತ್ತಿದ್ದರು.

ಎಪ್ಪತ್ತೆರಡರ ಅಜ್ಜಿಗೂ ಹತ್ತರ ಚಿಟಿಕೆಗೂ ಒಟ್ಟಿಗೆ ಆಡಲು ಒಗ್ಗಿದ ಆಟ ಪಿಕಲ್‌ಬಾಲ್ ಒಂದೇ. ಸಣ್ಣ ಅಂಗಳ, ನಡುವೆ ಗಿಡ್ಡ ಬಲೆ, ತೂತು ತೂತಿನ ಹಗುರ ಪ್ಲಾಸ್ಟಿಕ್ ಚೆಂಡು. ಬಲೆಯ ಪಕ್ಕದ ಪಟ್ಟಿಯನ್ನು ಆಡುವವರು ಅಡುಗೆಮನೆ ಎನ್ನುತ್ತಾರೆ. ಅಲ್ಲಿ ನಿಂತು, ಪುಟಿಯದ ಚೆಂಡನ್ನು ಹೊಡೆಯುವ ಹಾಗಿಲ್ಲ.

"ಐವತ್ತು ವರ್ಷ ಮನೇಲಿ ಅದೇ ಆಯ್ತು. ಇಲ್ಲೂ ಅಡುಗೆಮನೆಗೆ ಹೋಗಬೇಡ ಹೋಗಬೇಡ ಅಂತಾರೆ, ನನಗೆ ಅದೇ ಖುಷಿ," ಎನ್ನುತ್ತಿದ್ದಳು ಅಜ್ಜಿ.

ಚೆಂಡು ಹಾಕುವ ಮುನ್ನ ಅಂಕ ಕೂಗುವ ಕೆಲಸವೂ ಅಜ್ಜಿಯದೇ. ನಾಲ್ಕು, ಎರಡು, ಒಂದು ಎಂಬುದನ್ನು ಪದ್ಯ ವಾಚಿಸುವವಳಂತೆ ರಾಗ ಎಳೆದು ಹೇಳುತ್ತಿದ್ದಳು. ಅಜ್ಜಿ, ಮೊಮ್ಮಗ ಯಾವತ್ತೂ ಒಂದೇ ಕಡೆ. ಅಜ್ಜಿ ಯಾವತ್ತೂ ಅವನ ಎಡಕ್ಕೆ. ಎದುರಿಗೆ ಚಿಟಿಕೆ, ಅಕ್ಕನ ಕಾಲು ಉಳುಕಿದ್ದರಿಂದ ಈಗ ಚಿಟಿಕೆಯ ಜೊತೆಗೆ ಈ ಹೊಸಬಳು.

"ನಂದು," ಎಂದು ಅಜ್ಜಿ ಕೂಗುತ್ತಿದ್ದಳು. ಎಡಕ್ಕೆ ಬಂದ ಪ್ರತಿ ಚೆಂಡಿಗೂ "ನಂದು, ನಂದು." ನಡುವಿಗೆ ಬಂದರೂ ನುಗ್ಗಿ ಹೊಡೆಯುತ್ತಿದ್ದಳು.

"ಅಜ್ಜಿಗೆ ಬಲು ಆಸೆ," ಎಂದು ಎಲ್ಲರೂ ನಗುತ್ತಿದ್ದರು.

ಆಟ ಮುಗಿದ ಮೇಲೆ ಅವನು ಅವಳ ಹುಬ್ಬಿನ ಗಾಯ ನೋಡುತ್ತಿದ್ದ. ಗಾಯ ಮಾಯುತ್ತಾ ಬಂದಂತೆ ನೋಡುವ ಹೊತ್ತು ಹೆಚ್ಚುತ್ತಾ ಹೋಯಿತು. ಮೂರನೆಯ ಭಾನುವಾರ ಗುರುತೇ ಉಳಿದಿರಲಿಲ್ಲ, ಆದರೂ ನೋಡಿದ.

"ಇನ್ನೂ ಇದೆಯಾ?" ಎಂದಳು ಅವಳು.

"ಇಲ್ಲ. ಖಾತ್ರಿ ಮಾಡ್ಕೊಂಡೆ."

ಅವಳಿಗೆ ನಗು ಬಂತು. ಜೊತೆಗೆ, ಕಾರಣವಿಲ್ಲದೆ, ಎದೆಯೊಳಗೆ ತಣ್ಣಗೆ ಏನೋ ಸರಿದು ಹೋಯಿತು. ಅವಳನ್ನು ನೋಡಲು ಅವನು ಕತ್ತನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಿದ್ದ...

ನಾಲ್ಕನೆಯ ವಾರ ಅವನು ಬೆಂಚಿನ ಎಡತುದಿಯಲ್ಲಿದ್ದ ನೀರಿನ ಬಾಟಲಿಯನ್ನು ಮೊಣಕೈಯಿಂದ ಬೀಳಿಸಿದ. ಎತ್ತಿಟ್ಟ. ಮತ್ತೆ ಬೀಳಿಸಿದ. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಸುಮ್ಮನೆ ಬಾಟಲಿಯನ್ನು ಅವನ ಬಲಕ್ಕೆ ಇಟ್ಟಳು.

ಅವಳು ಅಜ್ಜಿಯ ಕೈ ನೋಡಿದಳು. ಅಜ್ಜಿ ಅವಳ ಕಣ್ಣು ನೋಡಿದಳು. ಇಬ್ಬರೂ ಬೇರೆ ಕಡೆ ತಿರುಗಿದರು.

ಐದನೆಯ ಭಾನುವಾರ ಅವಳೇ ಹೇಳಿದಳು. "ಇವತ್ತು ಅಜ್ಜಿ ಬಲಕ್ಕೆ ನಿಲ್ಲಲಿ. ಒಂದು ಆಟ, ಸುಮ್ಮನೆ."

"ನನ್ನ ಜಾಗ ನನಗಿರಲಿ ಕಣಮ್ಮ," ಎಂದಳು ಅಜ್ಜಿ.

"ಬಾ ಅಜ್ಜಿ, ಮಾಮನೂ ಸ್ವಲ್ಪ ಓಡಲಿ," ಎಂದು ಚಿಟಿಕೆ ಎಳೆದು ನಿಲ್ಲಿಸಿಬಿಟ್ಟಳು.

ಅವಳು ಮೊದಲ ಚೆಂಡನ್ನು ಅವನ ಎಡಕ್ಕೆ ಹಾಕಿದಳು. ಮೆಲ್ಲಗೆ, ಮಗುವಿಗೆ ಎಸೆದಂತೆ. ಚೆಂಡು ಅವನ ಪಕ್ಕದಲ್ಲೇ ಪುಟಿದು ಹಿಂದಕ್ಕೆ ಹೋಯಿತು. ಅವನು ಬ್ಯಾಟು ಎತ್ತಲೇ ಇಲ್ಲ.

ಎರಡನೆಯದು. ಟಕ್ ಎಂದ ಸದ್ದಿಗೆ ಬೆಚ್ಚಿ ತಿರುಗಿದ. ಅಷ್ಟರಲ್ಲಿ ಚೆಂಡು ಹೋಗಿತ್ತು.

ಮೂರನೆಯದು... ನಾಲ್ಕನೆಯದು...

"ಮಾಮ ನಿದ್ದೆ ಮಾಡ್ತಿದ್ದಾನೆ," ಎಂದು ಚಿಟಿಕೆ ಕುಣಿದಳು. ಅಕ್ಕ ಬೆಂಚಿನ ಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವನೂ ನಕ್ಕು ತಲೆ ಕೆರೆದುಕೊಂಡ.

ಅಜ್ಜಿ ಅಂಕ ಕೂಗುವುದನ್ನು ನಿಲ್ಲಿಸಿದ್ದಳು.

ಕಾಣಲೇ ಇಲ್ಲ... ಮೊದಲ ದಿನದ ಆ ಮಾತು ಅವಳ ಒಳಗೆ ಈಗ ಇಳಿಯಿತು.

ಹೊರಗೆ ಅವನ ವ್ಯಾನು ನಿಂತಿತ್ತು. ಅವಳು ಅದರ ಸುತ್ತ ಒಂದು ಸುತ್ತು ಬಂದಳು. ಬಲಗಡೆ ಹೊಸದರ ಹಾಗಿತ್ತು. ಎಡಗಡೆ ಮುಂದಿನ ಬಾಗಿಲಿಂದ ಹಿಂದಿನ ಚಕ್ರದ ತನಕ ಗೀರುಗಳು. ಕನ್ನಡಿಯನ್ನು ಟೇಪು ಸುತ್ತಿ ನಿಲ್ಲಿಸಿದ್ದರು.

"ಈ ತಿಂಗಳಲ್ಲಿ ಎರಡನೇ ಸಲ ಮುರೀತು," ಎಂದಳು ಹಿಂದೆ ಬಂದು ನಿಂತ ಚಿಟಿಕೆ. "ಮೊನ್ನೆ ವ್ಯಾನು ಮೈಮೇಲೇ ಬರ್ತಿದೆ ಅಂತ ಎಡಗಡೆ ಸೈಕಲ್ಲಿನ ತಾತ ಒಬ್ಬರು ಹಾಗೇ ಪಕ್ಕದ ಗೋಡೆಗೆ ಒರಗಿಬಿಟ್ರು. ಮಾಮ ನೋಡಲೇ ಇಲ್ಲ. ಒಳಗಿದ್ದ ನಾವು ಹದಿನಾಲ್ಕು ಜನ ಕಿರುಚಿದ್ವಿ."

ಅವಳು ಗೀರುಗಳ ಮೇಲೆ ಕೈಯಿಟ್ಟಳು. ಬಿಸಿಲಿಗೆ ಕಾದ ತಗಡು. ಆದರೂ ಕೈ ತೆಗೆಯಲಿಲ್ಲ.

ಶುಕ್ರವಾರ ಸಂಜೆ ಅವನು ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಬನ್ನಿ, ಕಣ್ಣು ನೋಡ್ತೀನಿ ಎಂದು ಅವಳು ಕರೆದದ್ದನ್ನು ಅವನು ಬೇರೆ ಏನೋ ಎಂದುಕೊಂಡು ಬಂದಿದ್ದ. ಅದು ಅವಳಿಗೆ ನೋಡಿದೊಡನೆ ತಿಳಿಯಿತು. ತಾನೂ ಬೇರೆ ಏನೋ ಎಂದುಕೊಂಡೇ ಕರೆಯುವಂತಿದ್ದರೆ...

"ಗದ್ದ ಇಲ್ಲಿಡಿ. ನಡುವಿನ ಚುಕ್ಕಿ ಮಾತ್ರ ನೋಡಿ. ಸುತ್ತ ಎಲ್ಲೇ ಬೆಳಕು ಮಿನುಗಿದರೂ ಗುಂಡಿ ಒತ್ತಿ."

ಮೊದಲು ಬಲಗಣ್ಣು. ಟಿಕ್, ಟಿಕ್, ಟಿಕ್. ಅಲ್ಲಲ್ಲಿ ಒಂದೆರಡು ತಪ್ಪಿದವು, ಉಳಿದಂತೆ ಸರಿಯಿತ್ತು.

ಆಮೇಲೆ ಎಡಗಣ್ಣು.

ಒಂದು ಟಿಕ್. ಆಮೇಲೆ ಸದ್ದಿಲ್ಲ. ಯಂತ್ರದೊಳಗೆ ಬೆಳಕು ಹೊತ್ತಿ ಆರುತ್ತಿತ್ತು, ಹೊತ್ತಿ ಆರುತ್ತಿತ್ತು. ಅವಳ ಪರದೆಯ ಮೇಲೆ ಕಪ್ಪು ಚೌಕಗಳು ಒಂದೊಂದಾಗಿ ತುಂಬಿಕೊಳ್ಳುತ್ತಾ ಬಂದವು. ಅವಳು ಕಿವಿಗೊಟ್ಟು ಕಾದಳು. ದೇವರೇ, ಒಂದು ಸಲ ಒತ್ತಲಿ... ಒಂದೇ ಒಂದು ಸಲ.

"ನಿಮ್ಮ ಮಿಷನ್ ಕೆಟ್ಟಿದೆಯಾ?" ಎಂದ ಅವನು ಗದ್ದ ಎತ್ತದೆ. "ಲೈಟೇ ಬರ್ತಿಲ್ಲ."

ಅವಳು ದೀಪ ಹಾಕಿದಳು. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ತಿನ್ನುತ್ತಿರಬಹುದು, ನಾಳೆಯೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದಳು. ನೋವಿರುವುದಿಲ್ಲ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಬರುತ್ತೆ, ಬಂದದ್ದು ಗೊತ್ತಾಗುವುದಿಲ್ಲ ಎಂದಳು. ಕೊನೆಯ ಮಾತಿಗೆ ಅವಳ ದನಿ ಸಣ್ಣಗಾಯಿತು.

"ಅಲ್ಲಿಯವರೆಗೆ ವ್ಯಾನು ತೆಗೆಯೋ ಹಾಗಿಲ್ಲ. ಶನಿವಾರ, ಭಾನುವಾರ ಹೇಗೂ ರಜೆ. ಸೋಮವಾರದೊಳಗೆ ನೀವೇ ಶಾಲೆಗೆ ಹೇಳಿ."

"ಹೇಳದಿದ್ರೆ?"

"ನಾನು ಹೇಳಬೇಕಾಗುತ್ತೆ."

ಅವನು ಎದ್ದ. ಬಾಗಿಲ ಕಡೆ ತಿರುಗುವಾಗ ಎಡಗಡೆಯ ಕನ್ನಡಕದ ಸ್ಟ್ಯಾಂಡಿಗೆ ಭುಜ ತಾಗಿ ನಾಲ್ಕು ಫ್ರೇಮು ಕೆಳಗೆ ಬಿದ್ದವು. ಬಗ್ಗಿ ಎತ್ತಿಡಲು ಹೋದವನು ಹಾಗೇ ಬಿಟ್ಟು ಹೊರಟುಹೋದ.

ಮರುದಿನ ಹನ್ನೊಂದು ಗಂಟೆಗೆ ಮತ್ತೆ ಬಂದ. ಕೂರಲಿಲ್ಲ.

"ಬೀಗದ ಕೈ ತಂದುಕೊಡು ಅಂತ ಬೆಳಿಗ್ಗೆ ಶಾಲೆಯಿಂದ ಫೋನ್ ಬಂತು. ಯಾರೋ ಹೇಳಿದ್ರಂತೆ, ಇವನಿಗೆ ಕಣ್ಣು ಕಾಣಲ್ಲ ಅಂತ." ಅವನ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು. "ಸೋಮವಾರದ ತನಕ ಅಂದ್ರಿ. ಒಂದು ರಾತ್ರಿ ಕೂಡ ತಡೆಯೋಕಾಗಲಿಲ್ವಾ?"

ನಾನಲ್ಲ... ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳ ಕಣ್ಣ ಮುಂದೆ, ಅಂಕ ಕೂಗುವುದನ್ನು ನಿಲ್ಲಿಸಿ ನಿಂತ ಅಜ್ಜಿ ಬಂದಳು. ನಾನಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಒಂದೇ ಉತ್ತರ.

ಅವಳು ಮಾತನ್ನು ನುಂಗಿದಳು.

"ಡಾಕ್ಟರ ಹತ್ತಿರ ಹೋಗಿ," ಎಂದಳು. "ನನ್ನ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೊಳ್ಳಿ. ಆದ್ರೆ ಹೋಗಿ."

"ಭಾನುವಾರ ಬರಬೇಡಿ," ಎಂದ ಅವನು.

ಅವಳು ಹೋಗಲಿಲ್ಲ. ಮೊದಲ ಭಾನುವಾರ ಕೋಣೆಯ ಕಿಟಕಿಗಳನ್ನೆಲ್ಲ ಒರೆಸಿದಳು. ಎರಡನೆಯ, ಮೂರನೆಯ ಭಾನುವಾರ ಒರೆಸಿದ್ದನ್ನೇ ಒರೆಸಿದಳು. ಯಾರಾದರೂ ಫೋನ್ ಮಾಡಿ ಡಾಕ್ಟರು ಏನೆಂದರು ಎಂದು ಹೇಳಬಾರದೇ... ಅವನು ಹೋದನೋ ಇಲ್ಲವೋ? ಕಣ್ಣು ಮುಚ್ಚಿದರೆ ಪರದೆಯ ಕಪ್ಪು ಚೌಕಗಳು ಕಾಣುತ್ತಿದ್ದವು. ಒಂದರ ಪಕ್ಕ ಒಂದು ತುಂಬುತ್ತಾ ಎಡದಿಂದ ಬಲಕ್ಕೆ ದಾಟುತ್ತಿದ್ದವು. ಒಂದು ದಿನ ಅವನ ಕಣ್ಣಲ್ಲಿ ತನ್ನ ಮುಖವೂ ಮುಚ್ಚಿಹೋಗುತ್ತದೆ. ಅದು ಅವನಿಗೆ ತಿಳಿಯುವುದೂ ಇಲ್ಲ...

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಅಜ್ಜಿ ಬಂದಳು, ಆಟದ ಬೂಟು ಹಾಕಿಕೊಂಡೇ. ಒಂದು ಕೈಯಲ್ಲಿ ಮೊಮ್ಮಗನ ತೋಳು.

"ಕೂತ್ಕೋ," ಎಂದಳು ಅವನಿಗೆ. ಆಮೇಲೆ ಅವಳ ಕಡೆ ತಿರುಗಿದಳು. "ನಮ್ಮ ಮನೇಲಿ ಮೂರು ವಾರದಿಂದ ಯಾರೂ ಮಾತಾಡ್ತಿಲ್ಲಮ್ಮ. ಚಿಟಿಕೆ ನಿನ್ನೆ ಕೇಳಿದ್ಲು, ಕಣ್ಣಿನ ಅಕ್ಕ ಯಾಕೆ ಬರಲ್ಲ ಅಂತ. ಅವರೇ ಚಾಡಿ ಹೇಳಿದ್ದು ಅಂದ ಇವನು. ಆಗ ನನ್ನ ಕಿವಿಗೆ ಬಿತ್ತು, ನನ್ನ ಪಾಪ ನಿನ್ನ ತಲೆ ಮೇಲಿದೆ ಅಂತ."

"ಅಜ್ಜಿ, ಬಿಡಿ..."

"ಬಿಡೋದಕ್ಕೆ ಬಂದಿಲ್ಲ. ಫೋನ್ ಮಾಡಿದ್ದು ನಾನು." ಅಜ್ಜಿ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಇವನ ತಾತಂಗೂ ಹೀಗೇ. ಲೋಟ ಎಡಕ್ಕಿಟ್ರೆ ಕೈಗೆ ಸಿಗ್ತಿರಲಿಲ್ಲ. ನಾನು ಬಲಕ್ಕಿಟ್ಟೆ. ಬಾಗಿಲಿಗೆ ಹಾಯ್ತಿದ್ರು, ನಾನು ಎಡಗಡೆ ನಡೆದೆ. ಹೀಗೆ ನಾನು ಒಪ್ಪ ಮಾಡ್ತಾ ಮಾಡ್ತಾ ಒಂದು ಬೆಳಿಗ್ಗೆ ಅವರು, ಇನ್ನೂ ಬೆಳಕು ಹರೀಲಿಲ್ವಾ ಅಂದ್ರು. ಬಿಸಿಲು ಹಾಸಿಗೆ ಮೇಲಿತ್ತು."

ಅಜ್ಜಿ ಅಂಗೈಯಿಂದ ಮುಖ ಒರೆಸಿಕೊಂಡಳು.

"ಇವನಿಗೂ ಶುರುವಾಗಿದೆ ಅಂತ ಎರಡು ವರ್ಷದ ಹಿಂದೆ ಆಟದಲ್ಲೇ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ. ಎಡಕ್ಕೆ ನಾನಿದ್ರೆ ಸಾಕು ಅಂದ್ಕೊಂಡೆ. ವ್ಯಾನಲ್ಲಿ ನಾನೆಲ್ಲಿರ್ತೀನಿ? ನೀನು ನನ್ನನ್ನ ಬಲಕ್ಕೆ ನಿಲ್ಲಿಸಿದ ದಿನ ಚಿಟಿಕೆ ಆ ಸೈಕಲ್ಲಿನವರ ಕಥೆ ನನಗೂ ಹೇಳಿದ್ಲು. ಅದಾದ ಮೇಲೆ ಐದು ದಿನ ನುಂಗಿಕೊಂಡೆ. ಆರನೇ ದಿನ ಆಗಲಿಲ್ಲ." ಅಜ್ಜಿ ಮೊಮ್ಮಗನ ತಲೆ ಸವರಿದಳು. "ಈಗ ಬೈಯೋದಿದ್ರೆ ನನ್ನ ಬೈ. ನಾನು ಹೊರಗೆ ಕೂತಿರ್ತೀನಿ."

ಬಾಗಿಲು ಮುಚ್ಚಿತು. ಅವನು ತಲೆ ತಗ್ಗಿಸಿ ಕೂತಿದ್ದ.

"ನೀವು ಯಾಕೆ ನಾನಲ್ಲ ಅನ್ನಲಿಲ್ಲ?"

"ಅಜ್ಜಿ ಮೇಲೆ ಸಿಟ್ಟು ಮಾಡ್ಕೊಂಡಿದ್ರೆ ನಿಮಗೆ ಹೋಗೋಕೆ ಮನೆ ಇರ್ತಿರಲಿಲ್ಲ. ನನ್ನ ಮೇಲಾದ್ರೆ... ಒಂದು ಅಂಗಡಿಗೆ ಬರೋದು ತಪ್ಪುತ್ತೆ, ಅಷ್ಟೇ."

"ಅಷ್ಟೇನಾ?"

ಅವಳು ಮೇಜಿನ ಮೇಲಿದ್ದ ಫ್ರೇಮೊಂದನ್ನು ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಅವರು ಮಾಡದಿದ್ರೆ ಸೋಮವಾರ ನೀವೇ ಫೋನ್ ಮಾಡ್ತಿದ್ರಾ?"

"ಮಾಡ್ತಿದ್ದೆ," ಎಂದಳು. ಕಣ್ಣು ತುಂಬಿ ಬಂದರೂ ದನಿ ಅಲುಗಲಿಲ್ಲ. "ಅಳ್ತಾ ಮಾಡ್ತಿದ್ದೆ. ಆದ್ರೂ ಮಾಡ್ತಿದ್ದೆ."

ಅವನು ನಿಧಾನವಾಗಿ ತಲೆಯಾಡಿಸಿದ. "ನಿಮ್ಮ ಹತ್ತಿರ ಬಂದು ಕೂತರೆ ಸುಳ್ಳು ಸಿಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೆದರಿಕೆ. ಅದಕ್ಕೇ... ಈ ಮೂರು ವಾರ ಇಡೀ ದಿನ ನಿಮ್ಮದೇ ಯೋಚನೆ."

ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದ. ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ. ಬಲಗಣ್ಣನ್ನು ಹನಿ ಔಷಧ ಕಾಯಬಹುದು, ಒಂದು ದಿನವೂ ತಪ್ಪದಿದ್ದರೆ. ವ್ಯಾನು ಇನ್ನಿಲ್ಲ. ಶಾಲೆಯವರು ಶೆಡ್ಡಿನಲ್ಲಿ ಬೇರೆ ಕೆಲಸ ಕೊಡುವುದಾಗಿ ಹೇಳಿದ್ದಾರೆ. ಜೇಬಿನಿಂದ ಸಣ್ಣ ಬಾಟಲಿ ತೆಗೆದ.

"ನನಗೆ ಹಾಕಿಕೊಳ್ಳೋಕೆ ಬರಲ್ಲ. ಅರ್ಧ ಕೆನ್ನೆಗೇ ಹೋಗುತ್ತೆ. ಬೆಳಿಗ್ಗೆಯದು ಇನ್ನೂ ಹಾಕಿಲ್ಲ."

ಅವಳು ಕೈ ತೊಳೆದು ಬಂದು ಅವನ ತಲೆಯನ್ನು ಹಿಂದಕ್ಕೆ ಒರಗಿಸಿದಳು. ಕೆಳರೆಪ್ಪೆಯನ್ನು ಬೆರಳಿಂದ ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟಳು.

"ಮುಚ್ಚಿ. ಮೂಗಿನ ಪಕ್ಕ ನಾನು ಒತ್ತಿ ಹಿಡೀತೀನಿ. ಎರಡು ನಿಮಿಷ ಅಲುಗಬೇಡಿ."

"ಎಷ್ಟು ದಿನ ಹಾಕಬೇಕು ಇದನ್ನ?"

"ಇರೋ ತನಕ. ದಿನಕ್ಕೆ ಎರಡು ಸಲ."

ಕಣ್ಣು ಮುಚ್ಚಿಕೊಂಡೇ ಅವನು ಅವಳ ಇನ್ನೊಂದು ಕೈಯನ್ನು ತಡಕಿ ಹಿಡಿದ.

"ಬಲಗಣ್ಣೂ ಹೋಗಬಹುದು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ... ಜೊತೆಗಿರ್ತೀರಾ?"

ಅವಳ ಬೆರಳಿನ ಕೆಳಗೆ ಅವನ ರೆಪ್ಪೆ ಅದುರುತ್ತಿತ್ತು.

"ಅಲುಗಬೇಡಿ ಅಂದೆ. ಇನ್ನೂ ಎರಡು ನಿಮಿಷ ಆಗಿಲ್ಲ."

"ಉತ್ತರಕ್ಕೂ ಎರಡು ನಿಮಿಷ ಬೇಕಾ?"

"ಇಲ್ಲ," ಎಂದಳು ಅವಳು. "ಅದಕ್ಕೆ ಅಷ್ಟು ಹೊತ್ತು ಬೇಡ. ಇರ್ತೀನಿ."