ತಾರವ್ವನ ಪಾಲಿನ ಕೋಬಿ ಪಲ್ಯ

ಏಳನೆಯ ನಂಬರಿನ ಕಾಟಿನ ಮೇಲೆ ಬೇರೆ ಯಾರೋ ಮಲಗಿದ್ದರು.

ಅನುಸೂಯಾ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಸುಮಾರು ಐವತ್ತು ದಿನ ತಾನು ಅಡಿಗೆ ಮಾಡಿ ಕಳಿಸಿದ, ಆದರೆ ಒಮ್ಮೆಯೂ ಮುಖ ನೋಡದ ತಾರವ್ವನನ್ನು ಇಂದಾದರೂ ಕಣ್ಣಾರೆ ಕಾಣಬೇಕೆಂದು ಅವಳು ಚಿಕ್ಕೋಡಿಯ ಆ ಆಸ್ಪತ್ರೆಗೆ ಬಂದಿದ್ದಳು. ಕೈಯಲ್ಲಿದ್ದ ಡಬ್ಬಿ ಇನ್ನೂ ಬೆಚ್ಚಗಿತ್ತು.

"ತಾರವ್ವ ಅಂತ... ರಾಯಬಾಗ ಕಡೇದವರು... ಇಲ್ಲೇ ಇದ್ರಲ್ರಿ?"

ಸಲಾಯಿನ್ ಬಾಟಲಿ ಬದಲಿಸುತ್ತಿದ್ದ ಕಂಪೌಂಡರ್ ವಿಶಾಲ ತಿರುಗಿ ನೋಡಿದ.

"ಕುರಿಯವರ ಅಜ್ಜಿನ? ಆಕಿ ಹೋಗಿ ಹತ್ತ ದಿನ ಆತಲ್ರಿ ಬಾಯಾರ!"

"ಹೋಗಿ...? ಮನಿಗೆ ಹೋಗ್ಯಾರೇನ್ರಿ? ಆರಾಮ ಆತ?"

ವಿಶಾಲ ಬಾಟಲಿಯ ಕಡೆಗೆ ನೋಡುತ್ತ ತಲೆ ಅಲ್ಲಾಡಿಸಿದ.

ಅನುಸೂಯಾ ಡಬ್ಬಿಯನ್ನು ಎದೆಗವಚಿಕೊಂಡಳು.

ಹತ್ತು ದಿನ! ಹಾಗಾದರೆ ನಿನ್ನೆ? ಮೊನ್ನೆ? ಮಗ ಮಾಳೇಶ ದಿನವೂ ಬಂದು ಕೋಬಿ ಪಲ್ಯ ಒಯ್ದನಲ್ಲ... ಯಾರಿಗೆ?

ಅವಳು ಹೇಗೆ ಮನೆ ಸೇರಿದಳೋ ಅವಳಿಗೇ ತಿಳಿಯಲಿಲ್ಲ.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ವಿಶ್ವಾಸ ತೀರಿಕೊಂಡು ಆರು ವರ್ಷ. ಅತ್ತೆ ಸಾವಿತ್ರೆವ್ವ, ತಾನು, ಇಬ್ಬರೇ. ರೋಗಿಗಳಿಗೂ ಅವರ ಜೊತೆಗಿರುವವರಿಗೂ ಡಬ್ಬಿ ಕಟ್ಟಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಅಡಿಗೆ ಸೊಸೆಯದು, ಡಬ್ಬಿಗೆ ಮುಚ್ಚಳ ಹಾಕುವುದು ಅತ್ತೆಯದು.

ಮಾಳೇಶ ಮೊದಲ ಸಲ ಬಂದದ್ದು ಒಂದು ಸೋಮವಾರ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ.

"ಬಾಯಾರ, ಕೋಬಿ ಪಲ್ಯಾ ಬೇಕ್ರಿ. ಹಲ್ಲಿಲ್ಲದಾಕಿ ನುಂಗೂವಂಗ ಮೆತ್ತಗ. ಕಿಡ್ನಿ ಹೋಗ್ಯಾವ್ರಿ ಅವ್ವಂದು... ಉಪ್ಪ ಹಾಕಂಗಿಲ್ಲ, ಖಾರ ಹಾಕಂಗಿಲ್ಲ ಅಂದಾರ ಡಾಕ್ಟರ್ರು."

"ಉಪ್ಪಿಲ್ಲ ಖಾರಿಲ್ಲ ಅಂದ್ರ ಅದ್ಯಾವ ಪಲ್ಯಾನೋ ತಮ್ಮಾ? ಕುರಿಗೆ ಹಾಕೂ ಮೇವ ಆತು!" ಎಂದು ಸಾವಿತ್ರೆವ್ವ ನಕ್ಕಿದ್ದಳು.

"ಕುರಿ ತಿಂದು ಬಿಟ್ಟ ಕೋಬಿ ಉಂಡ ಬೆಳದಾವ್ರ ನಾವು, ಆಯಿ."

ಅವನು ಹೇಳಿದ್ದನ್ನು ಅನುಸೂಯಾ ಮರೆಯಲಿಲ್ಲ. ಎಲೆಕೋಸಿನ ಹೊಲದಲ್ಲಿ ಕೋಬಿ ಕಿತ್ತಾದ ಮೇಲೆ ಗೊಬ್ಬರಕ್ಕೆಂದು ಕುರಿ ಕೂಡಿಸಿದಾಗ, ಹೊಲದವರು ನಾಲ್ಕು ಗಡ್ಡೆ ಇವರಿಗೂ ಬಿಡುತ್ತಿದ್ದರಂತೆ. ತಾರವ್ವ ಬೆಳಿಗ್ಗೆ ಅದನ್ನು ಮಡಕೆಯಲ್ಲಿ ತುಂಬಿ, ಕುಳ್ಳಿನ ಕೆಂಡದ ಮೇಲಿಟ್ಟು, ಬೂದಿ ಮುಚ್ಚಿ, ಕುರಿಗಳ ಹಿಂದೆ ಹೋಗುತ್ತಿದ್ದಳು. ಸಂಜೆಗೆ ಬಂದು ನೋಡಿದರೆ ಬೆಣ್ಣೆಯಂತೆ ಬೆಂದಿರುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಕುಳಿತು, ರೊಟ್ಟಿಯ ಜೊತೆ ಅದನ್ನೇ ಉಣ್ಣುವುದು.

ಬದಲಿಯಾಗಿ ಹೋದ ನರ್ಸಬಾಯಿಯೊಬ್ಬರು ಬಿಟ್ಟುಹೋದ ಸ್ಲೋ ಕುಕ್ಕರ್ ಅಟ್ಟದ ಮೇಲಿತ್ತು. ಸೀಟಿ ಹೊಡೆಯದೆ ತಾಸುಗಟ್ಟಲೆ ಸುಮ್ಮನೆ ಕೂರುವ ಅದನ್ನು ಸಾವಿತ್ರೆವ್ವ 'ನಿದ್ದಿ ಕುಕ್ಕರ' ಎನ್ನುತ್ತಿದ್ದಳು. ಅನುಸೂಯಾ ಅದನ್ನು ಇಳಿಸಿದಳು. ಬೆಳಗಿನ ಐದಕ್ಕೆ ಕೋಬಿ ಹೆಚ್ಚಿ, ಒಂದು ಮುಷ್ಟಿ ಹೆಸರುಬೇಳೆ, ಚಿಟಿಕೆ ಅರಿಶಿಣ, ಜೀರಿಗೆ ಹಾಕಿ ಮುಚ್ಚಿದರೆ, ಕೋಬಿ ತನ್ನ ನೀರಿನಲ್ಲೇ ತಾನು ಬೆಂದು ಹತ್ತರ ಹೊತ್ತಿಗೆ ಬಾಯಲ್ಲಿ ಕರಗುವಂತಾಗುತ್ತಿತ್ತು.

"ಅವ್ವ ಡಬ್ಬಿ ಬಳದ ಉಂಡ್ಳ್ರಿ. ಉಪ್ಪ ಬರೋಬರಿ ಐತಿ ಅಂತ ಹೇಳಂದ್ಳು," ಎಂದು ಅವನು ವರದಿ ಒಪ್ಪಿಸುತ್ತಿದ್ದ.

ಹಾಕದ ಉಪ್ಪು! ಇಬ್ಬರೂ ನಗುತ್ತಿದ್ದರು. ಆರು ವರ್ಷಗಳ ಮೇಲೆ ಅನುಸೂಯಾ ನಕ್ಕದ್ದು ಆಗಲೇ.

"ನಿಮ್ಮನ್ನ ಒಮ್ಮೆ ನೋಡಬೇಕಂತ್ರಿ ಅವ್ವ."

"ಬರ್ತೇನ್ರಿ... ಅಮಾಸಿ ಮುಗೀಲಿ," ಎನ್ನುತ್ತಿದ್ದಳು.

ಹುಷಾರಿಲ್ಲದವರ ಮುಂದೆ ವಿಧವೆಯ ಮುಖ ಹಿಡಿದು ಹೇಗೆ ಹೋಗಲಿ ಎಂಬ ಅಳುಕು. ಹಾಗೆಯೇ ದಿನ ದೂಡಿದಳು. ದೂಡಿದ ದಿನಗಳು ಮುಗಿದೇ ಹೋದವು.

ಈ ಒಂಬತ್ತು ದಿನಗಳಿಂದ ಮಾಳೇಶ ಬದಲಾಗಿದ್ದ. ಒಳಗೆ ಬಂದು ಗೋಡೆಗೊರಗಿ ಚಹಾ ಕುಡಿಯುತ್ತಿದ್ದವನು ಓಣಿಯಲ್ಲೇ ನಿಲ್ಲುತ್ತಿದ್ದ. ತನ್ನದೊಂದು ಹೊಸ ಡಬ್ಬಿ ತಂದು ಹೊರಗಿನ ಕಟ್ಟೆಯ ಮೇಲಿಟ್ಟು, "ಮ್ಯಾಲಿಂದ ಹಾಕ್ರಿ ಬಾಯಾರ, ಮುಟ್ಟಬ್ಯಾಡ್ರಿ," ಎನ್ನುತ್ತಿದ್ದ. ತಲೆಗೆ ಟಾವೆಲ್ ಸುತ್ತಿ, ಕಣ್ಣು ತಗ್ಗಿಸಿ ಹೋಗಿಬಿಡುತ್ತಿದ್ದ.

'ಓಣಿಯವರು ಯಾರೋ ನನ್ನ ವಿಷಯ ಕಿವಿಗೆ ಹಾಕಿದ್ದಾರೆ... ಅದಕ್ಕೇ ನನ್ನ ಕೈ ಸೋಕಿದ್ದೂ ಬೇಡವಾಗಿದೆ,' ಎಂದು ಅವಳು ಒಳಗೊಳಗೇ ಬೆಂದಿದ್ದಳು. ಆ ಬೇಗೆ ತಾಳದೆ, ನೇರವಾಗಿ ತಾರವ್ವನನ್ನೇ ಕಾಣೋಣವೆಂದು ಇಂದು ಹೋದದ್ದು!

ಮಧ್ಯಾಹ್ನ ಎಂದಿನಂತೆ ಮೋಟಾರ್‌ಸೈಕಲ್ ಸದ್ದಾಯಿತು. ಎಂದಿನಂತೆ ಕಟ್ಟೆಯ ಮೇಲೆ ಡಬ್ಬಿ ಕುಳಿತಿತು.

"ಅವ್ವ ಹೆಂಗದಾರ್ರಿ?" ಅನುಸೂಯಾ ಬಾಗಿಲಲ್ಲಿ ನಿಂತೇ ಕೇಳಿದಳು.

"ಹಂಗ... ಅದಾಳ್ರಿ."

"ಏಳನೇ ನಂಬರ ಕಾಟ ನೋಡಿ ಬಂದ್ನಿ ನಾನು!"

ಬೆವರು ಒರೆಸಲು ಮಾಳೇಶ ಎಳೆದ ಟಾವೆಲ್ ಕೈಯಲ್ಲೇ ಉಳಿಯಿತು. ಬೋಳಿಸಿದ ತಲೆ ಬಿಸಿಲಿಗೆ ಕಂಡಿತು.

"ನಾ ದಿನಾ ದೀಪಾ ಹಚ್ಚಿ, ಆ ತಾಯಿ ಎದ್ದು ಓಡಾಡ್ಲಿ ಅಂತ ಬೇಡಕೋತಿದ್ನಿ... ಮಣ್ಣಾಗ ಹೋದಾಕಿ ಸಲುವಾಗಿ! ನನ್ನ ಚೇಷ್ಟಿ ಮಾಡಿದ್ರೇನ್ರಿ?"

"ಇಲ್ಲ ಬಾಯಾರ... ಹೇಳಬೇಕಂತ ದಿನಾ ಬರ್ತಿದ್ನಿ. ಬಾಯಿ ಬರಲಿಲ್ರಿ..."

"ಹೋಗ್ರಿ."

"ಬಾಯಾರ..."

"ಹೋಗ್ರಿ ಅಂದ್ನಿ!"

ಬಾಗಿಲು ಮುಚ್ಚಿತು. ಒಳಗೆ ಅವಳು ಬಾಗಿಲಿಗೆ ಬೆನ್ನು ಹಚ್ಚಿ ಕುಸಿದಳು. ಹೊರಗೆ ಬಹಳ ಹೊತ್ತಿನವರೆಗೆ ಗಾಡಿ ಚಾಲೂ ಆಗಲಿಲ್ಲ.

ಮರುದಿನ ಅವಳು ಸ್ಲೋ ಕುಕ್ಕರ್ ತೊಳೆದು, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು.

"ನಿದ್ದಿ ಕುಕ್ಕರ ಯಾಕ ಮ್ಯಾಲ ಹೋತ ಬೇ?" ಸಾವಿತ್ರೆವ್ವ ಕೇಳಿದಳು.

"ಅದರ ಕೆಲಸಾ ಮುಗೀತ ಅತ್ತಿ."

ಡಬ್ಬಿ ಬೇಕೆಂದು ಬಂದವರನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದಳು. ಅಂದು ಇಡೀ ದಿನ ಆ ಮನೆಯಲ್ಲಿ ಬರೀ ಗಂಜಿ. ಅನುಸೂಯಾ ಅದನ್ನೂ ಮುಟ್ಟಲಿಲ್ಲ. ಸಾವಿತ್ರೆವ್ವ ಬೈದಳು, ಬೇಡಿದಳು, ಕೊನೆಗೆ ಸುಮ್ಮನೆ ಎದುರಿಗೆ ಕುಳಿತಳು. ದುಃಖ ಹೊರಗೆ ಬಾರದಿದ್ದರೆ ಮನುಷ್ಯ ಒಣಗುತ್ತಾನೆ. ಸೊಸೆ ಕಣ್ಣೆದುರೇ ಒಣಗುತ್ತಿದ್ದಳು.

ತಾರವ್ವ ತೀರಿದ ಹನ್ನೆರಡನೆಯ ದಿನ ಬೆಳಿಗ್ಗೆ ಬಾಗಿಲ ಬಳಿ ದನಿ ಕೇಳಿತು.

"ಆಯಿ, ಇವತ್ತ ಒಳಗ ಬರಬಹುದೇನ್ರಿ? ನಿನ್ನೆಗೆ ಹನ್ನೊಂದ ದಿನಾ ಆತ್ರಿ. ಸೂತಕ ಕಳದೈತಿ."

ಅನುಸೂಯಾ ಬೆಚ್ಚಿ ತಲೆ ಎತ್ತಿದಳು.

ಸೂತಕ!

"ಅಯ್ಯ ಶಿವನೇ! ಅದಕ್ಕ ಹೊರಗ ನಿಂದರತಿದ್ದೇನೋ ತಮ್ಮಾ?" ಸಾವಿತ್ರೆವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನಿಮ್ಮ ಮನ್ಯಾಗ ದೇವರ ಗೂಡಿನ್ಯಾಗ ಯಲ್ಲಮ್ಮನ ಜಗ ಐತ್ರಿ. ಸೂತಕದ ಕೈಲೆ ನಿಮ್ಮ ಡಬ್ಬಿ ಹೆಂಗ ಮುಟ್ಟಲಿ? ಬಾಯಾರ ಕೈಗೆ ನನ್ನ ಕೈ ತಾಗಿ, ಅವರು ಹಂಗ ಹೋಗಿ ದೀಪಾ ಹಚ್ಚಿದ್ರ... ಆ ಪಾಪ ಯಾರಿಗೆ?"

ಮುಟ್ಟಬೇಡಿ ಎಂದದ್ದು ತನ್ನ ಮೇಲಿನ ಅಸಹ್ಯದಿಂದಲ್ಲ! ತನ್ನ ದೇವರಿಗೆ, ತನ್ನ ದೀಪಕ್ಕೆ ಮೈಲಿಗೆಯಾಗದಿರಲೆಂದು, ಒಬ್ಬ ಮನುಷ್ಯ ತಾಯಿಯನ್ನು ಕಳೆದುಕೊಂಡ ದುಃಖ ಹೊತ್ತು ಬಿಸಿಲಲ್ಲಿ ನಿಂತಿದ್ದ. ತಾನೋ ಅವನ ಮುಖಕ್ಕೆ ಬಾಗಿಲು ಹಾಕಿದ್ದಳು...

ಅವಳ ಕಣ್ಣುಗಳು ತುಂಬಿ ಬಂದವು. "ಆ ಪಲ್ಯಾ... ಏನ್ ಮಾಡಿದ್ರಿ?"

"ಅವ್ವನ್ನ ಇಟ್ಟ ಮಣ್ಣಿನ ಮುಂದ ಕುಂತು ನಾನ ಉಂಡ್ನಿರಿ."

"ನೀವ?"

"ನಲವತ್ತ ದಿನ ನಾ ಒಂದ್ ತುತ್ತೂ ರುಚಿ ನೋಡಿರಲಿಲ್ಲ. ಅದು ಆಕಿ ಪಾಲು. ಕಡೀಕ ಅವ್ವ ಏನ್ ಉಂಡ ಹೋದ್ಳು ಅಂತ ತಿಳೀಬೇಕಿತ್ರಿ. ಮೊದಲನೇ ತುತ್ತ ಗಂಟಲಾಗ ಇಳೀಲಿಲ್ಲ... ಅಷ್ಟ ಸಪ್ಪಗ! ಅದನ್ನ ಆಕಿ ಬಳದ ಉಂಡು, ಬರೋಬರಿ ಐತಿ ಅಂತಿದ್ಳು. 'ಯಾರೋ ಒಬ್ಬಾಕಿ ಹರಿಯಾಗ ಎದ್ದು ನನ್ನ ಸಲುವಾಗಿ ಒಲಿ ಕಾಯ್ತಾಳ, ಆಕಿ ಮನಸ ಸಣ್ಣದಾಗಬಾರದ' ಅಂತಿದ್ಳ್ರಿ ಅವ್ವ."

ಮಾಳೇಶ ಟಾವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಡಬ್ಬಿ ನಿಂತ್ರ ನಾ ಇಲ್ಲಿಗೆ ಬರೂದೂ ನಿಲ್ಲತಿತ್ತು. ಅವ್ವನೂ ಇಲ್ಲ, ನೀವೂ ಇಲ್ಲ ಅಂದ್ರ... ಅದಕ್ಕ ಹೇಳಲಿಲ್ರಿ. ತಪ್ಪ ನಂದ."

ಅವನು ಕೈ ಜೋಡಿಸಿದ.

"ನಾಳೆ ದಿನಾ ಐತ್ರಿ, ಹದಿಮೂರನೇದು. ಅವ್ವನ ಎಡಿಗೆ ನಿಮ್ಮ ಕೈಯಾನ ಕೋಬಿ ಪಲ್ಯಾ ಬೇಕು."

ಅನುಸೂಯಾ ಹಿಂದೆ ಸರಿದಳು.

"ಬ್ಯಾಡ್ರಿ! ನನ್ನ ಕೈಗುಣ ಛಲೋ ಇಲ್ಲ. ನನ್ನ ಕೈಲೆ ಉಂಡಾವ್ರು ಉಳಿಯಂಗಿಲ್ರಿ..."

"ಏನ್ ಮಾತಾಡ್ತಿ ಬೇ? ಊರ ಮಂದಿ ಉಂಡಾರ ನಿನ್ನ ಕೈಲೆ!" ಸಾವಿತ್ರೆವ್ವ ಗದರಿಸಿದಳು.

"ಆ ಡಬ್ಬಿ ಮುಚ್ಚಳಾ ಎಲ್ಲಾ ನೀವ ಮುಚ್ಚೀರಿ ಅತ್ತಿ. ಆರ ವರ್ಷ ಒಂದ್ ಡಬ್ಬೀನೂ ನಾ ಮುಚ್ಚಿಲ್ಲ. ಕಡೀಕ ನಿಮ್ಮ ಕೈ ತಾಗಲಿ ಅಂತ... ತಾರವ್ವನ ಡಬ್ಬಿ ಒಂದ, ಮನಸ ತಡೀಲಾರದ ನಾನ ಮುಚ್ಚಿದ್ನಿ. ನೋಡ್ರಿ, ಏನಾತು!"

ಸಾವಿತ್ರೆವ್ವನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ತಿಳಿಯಿತು.

ಆರು ವರ್ಷದ ಹಿಂದೆ ಮಗ ವಿಶ್ವಾಸ ಸೊಸೆಯ ಕೈಯ ಬುತ್ತಿ ಕಟ್ಟಿಸಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿದ್ದ. ಟ್ರ್ಯಾಕ್ಟರ್ ಉರುಳಿತು. ಹೆಣ ಬಂದಾಗ ನೆರೆದ ಜನರೆದುರು ಎದೆ ಬಡಿದುಕೊಂಡು ತಾನು ಕೂಗಿದ್ದಳು: 'ಇಕಿ ಕೈಲೆ ಉಂಡ ಹೋದಾಂವ ಹೊಳ್ಳಿ ಬರಲಿಲ್ಲೋ!'

ಒಂದೇ ಸಲ ಆಡಿದ ಮಾತು. ತಾನು ಅಂದೇ ಮರೆತದ್ದು. ಸೊಸೆ ಅದನ್ನು ಆರು ವರ್ಷ ಹೊತ್ತಳೇ? ಅತ್ತೆಯ ಮೇಲಿನ ಭಕ್ತಿಯೆಂದು ತಾನು ಹಿಗ್ಗುತ್ತಿದ್ದ ಆ ಮುಚ್ಚಳಗಳ ಹಿಂದೆ ಇದಿತ್ತೇ?

ಮುದುಕಿ ಎದ್ದು ಬಂದು ಸೊಸೆಯ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು.

"ಅವತ್ತ ನಾ ದೇವರನ್ನ ಬೈಬೇಕಿತ್ತವ್ವಾ... ಅಂಜಿ ನಿನ್ನ ಬೈದ್ನಿ. ನೀ ಹತ್ತರ ಇದ್ದಿ. ಅಷ್ಟ. ನಿನ್ನ ಕೈಯಾಗ ಏನ್ ಕೆಟ್ಟ ಐತಿ? ಆರ ವರ್ಷ ಈ ಕೈಲೇ ಉಂಡು ನಾ ಬದಕಿಲ್ಲೇನು? ನನ್ನ ತಪ್ಪ ಹೊಟ್ಟಿಗೆ ಹಾಕೋ ಬೇ..."

"ಅತ್ತಿ!"

ಅನುಸೂಯಾ ಅತ್ತಳು. ಆರು ವರ್ಷದಿಂದ ಕಟ್ಟಿಟ್ಟ ಅಳು. ಅತ್ತೆಯ ಹೆಗಲು ತೊಯ್ದು ಹೋಯಿತು. ಮಾಳೇಶ ಗೋಡೆಯ ಕಡೆಗೆ ತಿರುಗಿ ನಿಂತ.

"ಡಾಕ್ಟರ್ರು ಹದಿನೈದ ದಿನಾ ಅಷ್ಟ ಅಂದಿದ್ರು," ಎಂದ ಮೆಲ್ಲಗೆ. "ನಲವತ್ತ ದಿನ ಉಂಡ್ಳ್ರಿ ನಮ್ಮವ್ವ."

ಮರುದಿನ ಬೆಳಗಿನ ಐದಕ್ಕೆ ಸ್ಲೋ ಕುಕ್ಕರ್ ಅಟ್ಟದಿಂದ ಇಳಿದಿತ್ತು. ಅನುಸೂಯಾ ಕೋಬಿ ಹೆಚ್ಚಿ ತುಂಬಿದಳು. ಬೇಳೆ, ಅರಿಶಿಣ, ಜೀರಿಗೆ... ಕೈ ಅಲ್ಲಿಗೇ ನಿಂತಿತು.

"ಇನ್ ಯಾವ ಡಾಕ್ಟರ್ ಬೇ ಆಕಿಗೆ?" ಸಾವಿತ್ರೆವ್ವ ಕಣ್ಣೊರೆಸಿಕೊಳ್ಳುತ್ತ ಅಂದಳು. "ಉಪ್ಪ ಹಾಕು. ಖಾರಾನೂ ಹಾಕು. ಬಳ್ಳೊಳ್ಳಿ ಜಜ್ಜಿ ಹಾಕು. ಬಾಯಿ ತುಂಬ ಉಣ್ಣಲಿ."

ರಾಯಬಾಗದಾಚೆಯ ಬರಡು ಮಡ್ಡಿಯಲ್ಲಿ, ಒಂದು ಬನ್ನಿ ಮರದ ಕೆಳಗೆ ತಾರವ್ವನ ಮಣ್ಣಿನ ದಿಬ್ಬ. ಬೀಗರು ನೆರೆದಿದ್ದರು. ಮಾಳೇಶನ ಸೋದರತ್ತೆ ಕೆಂಚವ್ವ ಮೂಗು ಮುರಿದಳು.

"ಬ್ಯಾರೇ ಮನಿ ಹೆಣಮಗಳು... ಅದೂ ಗಂಡ ಇಲ್ಲದಾಕಿ. ಆಕಿ ಕೈಯಾನ ಎಡಿ ನಡೀತೈತೇನಲೇ ಮಾಳ್ಯಾ?"

"ಅವ್ವ ಕಡೀಕ ಉಂಡದ್ದು ಈಕಿ ಕೈಲೇನ, ಅತ್ತಿ. ನೀ ಒಂದ್ ದಿನಾ ಬುತ್ತಿ ತಂದಿದ್ದೇನು?"

ಕೆಂಚವ್ವ ಸೆರಗು ಸರಿಪಡಿಸಿಕೊಂಡಳು.

ಎಡೆ ಇಟ್ಟಾಯಿತು. ಬಳಿಕ ಮನೆಮಂದಿಯೆಲ್ಲ ಸಾಲಾಗಿ ಕುಳಿತು ರೊಟ್ಟಿಯ ಮೇಲೆ ಪಲ್ಯ ಹಾಕಿಸಿಕೊಂಡರು. ಅನುಸೂಯಾ ತಾನೇ ಬಡಿಸಿದಳು. ಎಲ್ಲರೂ ಉಂಡರು. ಕೆಂಚವ್ವ ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು.

ಜನ ಚದುರಿದ ಮೇಲೆ ಅನುಸೂಯಾ ಒಬ್ಬಳೇ ದಿಬ್ಬದ ಬಳಿ ಹೋಗಿ ನಿಂತಳು. ಬದುಕಿರುವಾಗ ಕಾಣದ ಮುಖ. ಇನ್ನೆಂದೂ ಕಾಣದು. ಆ ನೋವಿಗೆ ಯಾರ ಬಳಿಯೂ ಮದ್ದಿರಲಿಲ್ಲ.

ಮಾಳೇಶ ಬಂದು ನಾಲ್ಕು ಮಾರು ದೂರ ನಿಂತ.

"ಅನುಸೂಯಾ..." ಮೊದಲ ಸಲ ಹೆಸರು ಹಿಡಿದು ಕರೆದ. "ನಮ್ಮಾಗ ಉಡಕಿ ಮಾಡ್ಕೊಳ್ಳೂ ಪದ್ಧತಿ ಐತಿ. ಮತ್ತ ಸೀರಿ ಉಡಿಸಿ ಕರಕೊಂಡ ಬರ್ತಾರ. ನಿಮಗ ಮನಸಿದ್ರ... ನಾ ಕೇಳಾಕತ್ತೇನಿ."

ಅವಳು ಮಣ್ಣನ್ನೇ ನೋಡುತ್ತ ನಿಂತಳು.

"ಅತ್ತೀನ್ನ ಬಿಟ್ಟ ನಾ ಎಲ್ಲಿಗೂ ಬರಂಗಿಲ್ಲ."

"ಬಿಟ್ಟ ಬಾ ಅಂತ ಯಾರ್ ಅಂದ್ರು?"

"ನಾ ಲಗೂನ ನಗಾಕೂ ಕಲಿಯಂಗಿಲ್ಲ. ಭಾಳ ದಿನ ಅಳ್ತೇನಿ."

"ನಾನೂ ಅಳೂದೈತಿ. ಕೂಡೇ ಅಳೂನು."

ಅನುಸೂಯಾ ತಿರುಗಿ ಅವನನ್ನು ನೋಡಿದಳು. ಅವನ ಕಣ್ಣುಗಳು ತಗ್ಗಲಿಲ್ಲ. ಅವಳು ನಿಧಾನವಾಗಿ ತಲೆಯಾಡಿಸಿದಳು. "ವರ್ಷ ತುಂಬಲಿ. ಆಕಿ ವರ್ಷಾಂತಿಕಾ ಮಾಡಿ... ಆಮ್ಯಾಲ."

"ಹೂಂ."

ಇಬ್ಬರೂ ಮಣ್ಣಿಗೆ ಹಣೆ ಹಚ್ಚಿದರು. ಅನುಸೂಯಾ ಕಣ್ಣು ಮುಚ್ಚಿ ಕೈ ಜೋಡಿಸಿದಳು.

"ಬೀರಪ್ಪಾ, ಕುರಿಯವರ ದೇವರಾ, ನನ್ನಪ್ಪಾ... ಈ ತಾಯಿ ಹುಟ್ಟಿದಾಗಿಂದ ಕುರಿ ಹಿಂದ ನಡದಾಳ. ಬಿಸಲಾಗ ನಡದಾಳ, ಮಳ್ಯಾಗ ನಡದಾಳ. ಇನ್ನ ಆಕೀನ್ನ ನಡಸಬ್ಯಾಡ. ನೆಳ್ಳಿರೂ ಕಡೆ ಕುಂಡ್ರಸು. ಹಸಿವಿ, ಬ್ಯಾನಿ ಆಕಿ ಸನೇಕ ಬರದಂಗ ನೋಡಕೋ. ಆಕಿ ಜೀವಕ್ಕ ಶಾಂತಿ ಕೊಡೋ ತಂದೆ... ಶಾಂತಿ ಕೊಡು."