ಹರ್ಲಿಂಗ್‌ಹ್ಯಾಮಿನ ಬಿಳಿ ಹವಳ

ಆ ಶನಿವಾರ ಬೆಳಿಗ್ಗೆ ಹಿಲರಿಯವರು ಸೌತ್ ಬಿ ಬಡಾವಣೆಯ ನಮ್ಮ ಮನೆಯ ಬಾಗಿಲು ತಟ್ಟಿದಾಗ ವಿಶ್ವನಾಥ್ ದೋಸೆ ಹುಯ್ಯುತ್ತಿದ್ದ, ನಾನು ತಿನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಕೆಲಸದ ಹಂಚಿಕೆ ಇರುವುದೇ ಹಾಗೆ. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಅವನು ಕ್ವಾಲಿಟಿ ಕಂಟ್ರೋಲ್ ಮುಖ್ಯಸ್ಥ, ನಾನು ಯಂತ್ರಗಳ ಇಂಜಿನಿಯರ್. ನೈರೋಬಿಯ ಕನ್ನಡಿಗರ ಮನೆಗಳಲ್ಲಿ ಏನಾದರೂ ಕಳೆದರೆ, ಕೆಟ್ಟರೆ, ಯಾರಾದರೂ ಯಾರನ್ನಾದರೂ ಅನುಮಾನಿಸಿದರೆ ಪೊಲೀಸರಿಗಿಂತ ಮೊದಲು ಅವನಿಗೆ ಕರೆ ಬರುತ್ತಿತ್ತು. ಅವನ ಜತೆ ಹೋಗಿ ತಪ್ಪು ಮನುಷ್ಯನ ಮೇಲೆ ಸಿಟ್ಟಾಗುವುದು ನನ್ನ ಪಾಲಿನ ಕೆಲಸ.

"ನನ್ನ ಹವಳ ಎಲ್ಲ ಹೋಯ್ತು ಮಾರಾಯ," ಎಂದು ಹಿಲರಿ ಕುರ್ಚಿಯಲ್ಲಿ ಕುಸಿದರು.

ಮಂಗಳೂರಿನ ಹಿಲರಿ ವಿಮಾ ಕಂಪನಿಯಿಂದ ನಿವೃತ್ತರಾಗಿ ವರ್ಷವಾಗಿತ್ತು. ಹರ್ಲಿಂಗ್‌ಹ್ಯಾಮಿನ ಅವರ ಫ್ಲ್ಯಾಟಿನ ಹಾಲಿನಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ಜೀವಂತ ಹವಳ. ಹವಳಕ್ಕೆ ಬೆಳಕೇ ಊಟ, ಆ ಬೆಳಕಿಗೆ ಕೈತುಂಬ ದುಡ್ಡು ಸುರಿಯಬೇಕು ಎಂದು ಎಲ್ಲರೂ ಹೆದರಿಸಿದ್ದರು. ಇವರು ತಿಂಗಳುಗಟ್ಟಲೆ ಓದಿ, ಕೇಳಿ, ಕಡಿಮೆ ಬೆಲೆಯ ಎಲ್‌ಇಡಿ ಪೆಟ್ಟಿಗೆಯೊಂದನ್ನು ಆರಿಸಿ ತಂದರು. ಅದಕ್ಕೆ ಎರಡೇ ತಿರುಗುಗುಂಡಿ: ಒಂದು ನೀಲಿ ಬೆಳಕಿಗೆ, ಇನ್ನೊಂದು ಬಿಳಿಗೆ. ನೀಲಿ ಜಾಸ್ತಿ, ಬಿಳಿ ಚೂರೇ ಚೂರು. ಇಷ್ಟು ಮಾಡಿದರೆ ಸಾಕು ಎಂದು ಹೇಳಿ ಮಾಡಿ ತೋರಿಸಿದ್ದರು.

"ಕಳೆದ ಭಾನುವಾರ ಹಳೇ ಆಫೀಸಿನ ಕೆಲಸ ಉಂಟು ಅಂತ ಮೊಂಬಾಸಾಕ್ಕೆ ಹೋದೆ. ನಿನ್ನೆ ಬಂದು ನೋಡಿದ್ರೆ ಎಲ್ಲ ಸುಣ್ಣದ ಹಾಗೆ ಬಿಳಿ. ಮಾಮಾ ಅಟಿಯೆನೊ ಸೋಪು ಹಾಕಿ ಗಾಜು ತೊಳೆದಿರ್ಬೇಕು ಅಂತ ಜೆನೆವಿವ್ ಹೇಳಿದ್ಲು. ಸೋಪಿನ ಬಾಟ್ಲಿ ಖಾಲಿ ಇತ್ತು. ಇವತ್ತು ಸಂಜೆ ಕೀ ಕೊಟ್ಟು ಹೋಗು ಅಂತ ಹೇಳಿಬಿಟ್ಟೆ. ಆದ್ರೂ ಜೀವ ಒಪ್ಪುದಿಲ್ಲ."

ಮಾಮಾ ಅಟಿಯೆನೊ ಹಿಲರಿಯ ಮನೆಗೆಲಸದಾಕೆ; ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಹಿಲರಿಯ ಮಗಳು ತಾನ್ಯಾಳನ್ನು ಶಾಲೆಗೆ ಬಿಡುತ್ತಿದ್ದ ಕಾಲದಿಂದ ಆಕೆ ಅಲ್ಲಿದ್ದಳು. ಈಗ ತಾನ್ಯಾಳಿಗೆ ಮದುವೆಯಾಗಿ ಮಗುವಿದೆ. ಈ ವಯಸ್ಸಿನಲ್ಲಿ ಕಳಂಕ ಹೊತ್ತು ಹೊರಬಿದ್ದರೆ ಇನ್ನೊಂದು ಮನೆಯ ಬಾಗಿಲು ತೆರೆಯುವುದು ಕಷ್ಟ.

"ಸಂಜೆಯೊಳಗೆ ನೋಡೋಣ, ನಡೀರಿ," ಎಂದು ವಿಶ್ವನಾಥ್ ಒಲೆ ಆರಿಸಿದ. ನನ್ನ ಎರಡನೇ ದೋಸೆ ಅರ್ಧ ಬೆಂದಿತ್ತು.

ಹಿಲರಿಯ ಹೆಂಡತಿ ಜೆನೆವಿವ್ ಆಂಟಿಯೇ ಬಾಗಿಲು ತೆರೆದರು. ಅತ್ತು ಕಣ್ಣು ಕೆಂಪಾಗಿತ್ತು. ಅವರ ಕೈಯ ಇಡ್ಲಿಯಂಥ ಸನ್ನ, ಕೋಳಿ ಸಾರು ತಿಂದು ನನ್ನ ಎಷ್ಟೋ ಭಾನುವಾರಗಳು ಕಳೆದಿವೆ. ಈ ಊರಲ್ಲಿ ನನಗೆ ತಾಯಿ ಅಂತ ಇದ್ದರೆ ಅವರೇ.

"ರಾತ್ರಿಯಿಡೀ ಇವರು ತೊಟ್ಟಿಯ ಎದುರೇ ಕೂತದ್ದು, ನಾನೂ ಜತೆಗೇ ಕೂತು ಅತ್ತೆ," ಎಂದರು ಆಂಟಿ. "ಇನ್ನು ಇಲ್ಲಿ ಎಂತ ಉಂಟು ಹೇಳಿ? ಊರಿಗೆ ಹೋಗುವ ಅಂತ ಹೇಳಿದೆ."

ವಿಶ್ವನಾಥ್ ತೊಟ್ಟಿಯ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ಹೋದ. ಮಾಮಾ ಅಟಿಯೆನೊ ತನ್ನ ಚೀಲ ಕಟ್ಟುತ್ತಿದ್ದಳು. ಅವನು ಸ್ಟೂಲು ಎಳೆದು ಕೂತು, ತನ್ನ ಹರಕು ಸ್ವಾಹಿಲಿಯಲ್ಲಿ ವಾರದುದ್ದಕ್ಕೂ ಏನೇನು ಕೆಲಸವಾಯಿತು ಎಂದು ವಿಚಾರಿಸಿದ. ಗಾಜಿನ ಹೊರಮೈಯನ್ನು ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇನೆ, ಸೋಪಿನ ಬಾಟ್ಲಿ ಪರದೆ ಒಗೆಯಲು ಖರ್ಚಾಯಿತು ಎಂದಳು. ತೊಟ್ಟಿಯ ದೀಪ ಉರಿಯುವುದನ್ನು ಆಕೆ ನೋಡಿದ್ದೇ ಕಡಿಮೆ, ಏಕೆಂದರೆ ಅದು ಹತ್ತುವುದು ಆಕೆ ಮಟಾಟು ವ್ಯಾನು ಹಿಡಿದು ಹೊರಟ ಮೇಲೆ. ಮನೆಯವರು ಕೂತು ನೋಡುವ ಹೊತ್ತಿಗೆ ಬೆಳಕಿರಲಿ ಎಂದು ಹಿಲರಿ ಟೈಮರನ್ನು ಸಾಯಂಕಾಲಕ್ಕಿಟ್ಟಿದ್ದರು. ಈ ವಾರ ಬೇರೆ ಏನಾದರೂ ಹೊಸದಿತ್ತೇ ಎಂದು ಕೇಳಿದ್ದಕ್ಕೆ ಆಕೆ ಯೋಚಿಸಿ, ಊಟದ ಮೇಜಿಗೆ ಅಂಟಿದ್ದ ಮೇಣವನ್ನು ದಿನಾ ಚಾಕುವಿನಲ್ಲಿ ಕೆರೆಯಬೇಕಾಯಿತು ಎಂದಳು.

ಆಮೇಲೆ ಅವನು ಹಾಲಿಗೆ ಬಂದ. ತೊಟ್ಟಿಯ ಪಕ್ಕದ ಗೋಡೆಗೇ ಯೇಸುವಿನ ಪಟವಿದ್ದ ಅಲ್ತಾರು, ಅಂದರೆ ಪ್ರಾರ್ಥನೆಯ ಪೀಠ. ಪಟದ ಗಾಜಿನಲ್ಲಿ ತೊಟ್ಟಿ ಪೂರ್ತಿ ಕಾಣುತ್ತಿತ್ತು. ವಿಶ್ವನಾಥ್ ನೆಲದ ಮೇಲೆ ಮಂಡಿಯೂರಿ ತೊಟ್ಟಿಯೊಳಗಿನ ಬಂಡೆಯ ಅಡಿಯನ್ನು ಇಣುಕಿ ನೋಡಿದ. ನಂತರ ದೀಪ ಹಾಕಿಸಿ, ಚೀಲದಿಂದ ಬೆಳಕಳೆಯುವ ಮೀಟರ್ ತೆಗೆದು ಹಿಡಿದ. ಗುಂಡಿಗಳ ಸುತ್ತ ಭೂತಗನ್ನಡಿ ಆಡಿಸಿದ.

"ಆಂಟಿ, ಅವರಿಲ್ಲದಾಗ ಈ ದೀಪ ಯಾರು ನೋಡ್ಕೊಂಡ್ರು?"

"ನಾನು ಅದರ ಹತ್ತಿರವೇ ಹೋಗುದಿಲ್ಲಪ್ಪ. ಸಂಜೆ ತೇರ್ಸ್ ಹೇಳುವಾಗ ಇಲ್ಲಿ ಕೂತುಕೊಳ್ಳುದು ಅಷ್ಟೇ. ದೀಪ ಯಾವಾಗಿನ ಹಾಗೇ ಇತ್ತು."

ತೇರ್ಸ್ ಎಂದರೆ ಕೊಂಕಣಿ ಕ್ರೈಸ್ತರ ಮನೆಯ ಸಂಜೆಯ ಜಪಮಾಲೆ ಪ್ರಾರ್ಥನೆ. ಆ ಮನೆಯಲ್ಲಿ ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಕರೆಂಟು ಹೋಗಲಿ, ನೆಂಟರು ಬರಲಿ, ಎಲ್ಲರೂ ಅಲ್ತಾರಿನ ಎದುರು ಮೊಣಕಾಲೂರಲೇಬೇಕು. ನಾನು ಹಿಂದೂ ಎಂದು ಹೇಳಿ ನೋಡಿದ್ದೆ, ಆಂಟಿ ನನಗೂ ಚಾಪೆ ಹಾಸಿದ್ದರು.

ನನ್ನ ಅನುಮಾನವೆಲ್ಲ ಲಾರೆನ್ಸ್ ಮೇಲೆ. ಹಿಲರಿಯ ಬಾಲ್ಯದ ಗೆಳೆಯ, ಎರಡು ಬೀದಿ ಆಚೆ ಅಕ್ವೇರಿಯಂ ಅಂಗಡಿ. ದುಬಾರಿ ದೀಪ ಮಾರುವವನಿಗೆ ಗೆಳೆಯನ ಅಗ್ಗದ ದೀಪ ಕಣ್ಣು ಕುಕ್ಕದೇ ಇರುತ್ತದೆಯೇ? ಬುಧವಾರ ಬೆಳಿಗ್ಗೆ ತೊಟ್ಟಿಗೆ ನೀರು ತುಂಬಿಸಲು ಬೇರೆ ಬಂದಿದ್ದ. ವಿಶ್ವನಾಥ್ ಅವನನ್ನು ಕರೆಸಿದಾಗ ನಾನು ತೋಳು ಮಡಚಿಕೊಂಡು ಸಿದ್ಧನಾದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹಾಲಿನಲ್ಲಿ ಸೇರಿದರು: ಹಿಲರಿ, ಆಂಟಿ, ಲಾರೆನ್ಸ್, ಆ ಮನೆಯಲ್ಲೇ ಇದ್ದು ಬ್ಯಾಂಕಿಗೆ ಹೋಗುವ ಹಿಲರಿಯ ಅಣ್ಣನ ಮಗ ಎಲ್ರೊಯ್, ಬಾಗಿಲ ಬಳಿ ಚೀಲ ಹಿಡಿದ ಮಾಮಾ ಅಟಿಯೆನೊ. ವಿಶ್ವನಾಥ್ ಆಕೆಗೆ ಕುರ್ಚಿ ಹಾಕಿಸಿದ.

"ಅಗ್ಗದ ಲೈಟ್ ಹಾಕಿದ್ರೆ ಹೀಗೇ ಆಗುದು, ನಾನು ಮೊದ್ಲೇ ಹೇಳಿದ್ದೆ," ಎಂದ ಲಾರೆನ್ಸ್.

"ಲೈಟಿನ ತಪ್ಪಲ್ಲ," ಎಂದ ವಿಶ್ವನಾಥ್. "ನಮ್ಮ ಕಾರ್ಖಾನೇಲಿ ಪ್ರತಿ ಸಲ ಔಷಧ ತಯಾರಾದಾಗ ಒಂದು ಬಾಟ್ಲಿ ಕತ್ತಲೆ ಕಪಾಟಿನಲ್ಲಿ ಇಡ್ತೀವಿ. ದೂರು ಬಂದ್ರೆ ಮೊದ್ಲು ಅದನ್ನೇ ತೆಗೆದು ನೋಡೋದು. ಇಲ್ಲೂ ಅಂಥದ್ದೊಂದಿದೆ. ಬಂಡೆ ಅಡಿ ನೆರಳಿನಲ್ಲಿರೋ ಹವಳ ನೋಡಿ, ಬಣ್ಣ ಹಾಗೇ ಇದೆ. ಬಿಳಿಚಿರೋದು ಮೇಲಿನ ಮೈ ಮಾತ್ರ. ಸೋಪಿನ ನೀರಾಗಿದ್ರೆ ಮೇಲೆ ಕೆಳಗೆ ಅಂತ ನೋಡ್ತಿರಲಿಲ್ಲ. ಎಲ್ಲಕ್ಕಿಂತ ಮೊದ್ಲು ತೊಟ್ಟೀಲಿರೋ ಸೀಗಡಿಗಳು ಸಾಯ್ತಿದ್ವು. ಅವು ಆರಾಮಾಗಿ ಓಡಾಡ್ಕೊಂಡಿವೆ. ಇದು ವಿಷ ಅಲ್ಲ, ಅತಿಯಾದ ಬೆಳಕು."

"ಆದ್ರೆ ಲೈಟು ನಾನಿಟ್ಟ ಹಾಗೇ ಉಂಟಲ್ಲ," ಎಂದರು ಹಿಲರಿ.

"ಈಗ ಹಾಗಿದೆ. ಮೀಟರ್ ಹಿಡಿದೆ, ಈ ಬೆಳಕಿಗೆ ಏನೂ ಸುಡಲ್ಲ. ಗುಂಡಿಗಳನ್ನ ನೋಡಿ. ತೊಟ್ಟಿಯ ಉಪ್ಪು ಹಾರಿ ಎರಡರ ಬುಡದಲ್ಲೂ ಕಟ್ಟಿಕೊಂಡಿದೆ. ನೀಲಿ ಗುಂಡಿ ಸುತ್ತ ಉಪ್ಪಿನ ಬಳೆ ಗಟ್ಟಿಯಾಗಿದೆ. ಬಿಳಿ ಗುಂಡಿದು ಒಡೆದಿದೆ. ಯಾರೋ ಬಿಳೀನ ಪೂರ್ತಿ ಏರಿಸಿ, ಕೆಲವು ಸಂಜೆ ಹಾಗೇ ಬಿಟ್ಟು, ನೀವು ಬರೋ ಮೊದ್ಲು ಇಳಿಸಿದ್ದಾರೆ. ಕೈತಪ್ಪಿ ಆಗಿದ್ರೆ ಇಳಿಸ್ತಿರಲಿಲ್ಲ."

ನಾನು ಲಾರೆನ್ಸ್‌ನನ್ನು ದುರುಗುಟ್ಟಿ ನೋಡಿದೆ.

"ಯೋಗೀಶನಿಗೆ ನಿಮ್ಮ ಮೇಲೆ ಕಣ್ಣು," ಎಂದ ವಿಶ್ವನಾಥ್ ಅವನಿಗೆ, ನನ್ನತ್ತ ಬೊಟ್ಟು ಮಾಡಿ. "ನೀವು ಬಂದಿದ್ದು ಒಂದೇ ಸಲ, ಅದೂ ಬೆಳಿಗ್ಗೆ. ಅವತ್ತು ನೀವು ಏರಿಸಿದ್ರೂ ಇಳಿಸೋಕೆ ಮತ್ತೆ ಬರಬೇಕಿತ್ತು, ಬರಲಿಲ್ಲ. ಮಾಮಾ ಅಟಿಯೆನೊ ಇರೋವಾಗ ದೀಪವೇ ಹತ್ತಿರಲ್ಲ, ಯಾರು ಏರಿಸಿದ್ರೂ ಸಂಜೆ ಇಲ್ಲಿ ಕೂತೋರಿಗೆ ಕಾಣಲೇಬೇಕು. ಸಂಜೆ ಮನೇಲಿರೋದು ಇಬ್ಬರೇ. ಎಲ್ರೊಯ್, ಈ ವಾರ ತೇರ್ಸ್ ಎಲ್ಲಿ ಹೇಳಿದ್ರಿ?"

"ಡೈನಿಂಗ್ ರೂಮ್," ಎಂದ ಎಲ್ರೊಯ್. "ಆಂಟಿ ಸೆಡ್ ಹಾಲ್ ಫ್ಲೋರ್ ಪಾಲಿಶ್ ಆಗಿದೆ, ಡೋಂಟ್ ಗೋ ಇನ್. ಡೋರ್ ಕ್ಲೋಸ್ ಇತ್ತು."

"ಪಾಲಿಶ್ ಮಾಡಿದ್ದು ಯಾರು?" ಎಂದು ವಿಶ್ವನಾಥ್ ಸ್ವಾಹಿಲಿಯಲ್ಲೂ ಕೇಳಿದ.

ಮಾಮಾ ಅಟಿಯೆನೊ ಇಲ್ಲವೆಂದು ತಲೆಯಾಡಿಸಿದಳು.

"ಊಟದ ಮೇಜಿನ ಮೇಣ ಪ್ರಾರ್ಥನೆಯ ಮೇಣದಬತ್ತಿಯದು," ಎಂದು ವಿಶ್ವನಾಥ್ ಮೆಲ್ಲಗೆ ಮುಂದುವರಿಸಿದ. "ಇಲ್ಲೇ ಕೂತಿದ್ದೆ, ದೀಪ ಮೊದಲಿನ ಹಾಗೇ ಇತ್ತು ಅಂದ್ರಿ ಆಂಟಿ. ಬೇರೆ ಯಾರಾಗಿದ್ರೂ ಅಷ್ಟು ದಿನ ಪ್ರಾರ್ಥನೆ ಬಿಟ್ಟುಬಿಡ್ತಿದ್ರು, ನನಗೆ ಸುಳಿವೇ ಸಿಗ್ತಿರಲಿಲ್ಲ. ನಿಮಗೆ ಬಿಡೋಕೂ ಆಗಲಿಲ್ಲ, ಈ ಪಟದ ಎದುರು ಕೂರೋಕೂ ಆಗಲಿಲ್ಲ."

ಅವರು ನಿರಾಕರಿಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಒಂದು ವರ್ಷದಿಂದ ಊರಿಗೆ ಹೋಗುವ ಅಂತ ಹೇಳ್ತಿದ್ದೇನೆ," ಎಂದರು ಕೊನೆಗೆ. "ಮಂಗಳೂರಲ್ಲಿ ಮನೆ ಬೀಗ ಹಾಕಿ ಉಂಟು, ಅಕ್ಕ ಕ್ಲೇರ್ ಕಾಯ್ತಾ ಇದ್ದಾಳೆ. ಇವರಿಗೆ ಯಾವಾಗ ಕೇಳಿದ್ರೂ ಹವಳ ಇನ್ನೊಂದು ಸ್ವಲ್ಪ ಬೆಳೀಲಿ, ಇನ್ನೊಂದು ಸ್ವಲ್ಪ ಬೆಳೀಲಿ. ಅದು ಬೆಳೆಯುದು ನಿಲ್ಲುದುಂಟಾ?"

ಹಿಲರಿ ಹೆಂಡತಿಯನ್ನೇ ನೋಡುತ್ತಿದ್ದರು. "ಬೈದಿದ್ರೆ ಕೇಳ್ತಿದ್ದೆ, ಜೆನ್ನಿ. ನೀನೇ ಸುಟ್ಟು, ರಾತ್ರಿಯಿಡೀ ನನ್ನ ಕೈ ಹಿಡ್ಕೊಂಡು ಅತ್ತದ್ದು ಯಾಕೆ?"

"ಅಳು ಸುಳ್ಳಲ್ಲ," ಎಂದರು ಆಂಟಿ.

ಲಾರೆನ್ಸ್ ತಪ್ಪಿತಸ್ಥನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗಲೂ ಅನ್ನಿಸಿತು. ತಾಯಿ ಎಂದುಕೊಂಡಿದ್ದವರು ತಮ್ಮ ತಪ್ಪನ್ನು ಒಬ್ಬ ಬಡ ಹೆಂಗಸಿನ ತಲೆಗೆ ಕಟ್ಟಿ ಸುಮ್ಮನೆ ಕೂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಹಿಲರಿ ಎದ್ದು ಮಾಮಾ ಅಟಿಯೆನೊಳ ಮುಂದೆ ನಿಂತರು. ಸ್ವಾಹಿಲಿಯಲ್ಲಿ ಕ್ಷಮೆ ಕೇಳಿದರು. ನಮ್ಮಿಬ್ಬರಿಗೂ ಇವಳು ಮೋಸ ಮಾಡಿದಳು, ನಾಳೆಯಿಂದ ಮೊದಲಿನ ಹಾಗೆ ಬಾ ಎಂದರು.

ಆಕೆ ಚೀಲವನ್ನು ಭುಜಕ್ಕೇರಿಸಿಕೊಂಡು, ಗೊಂಚಲಿನಿಂದ ಆ ಮನೆಯ ಕೀ ಬಿಡಿಸಿದಳು.

"ಮಾಮಾ ಜೆನೆವಿವ್ ನನ್ನ ಮೇಲೆ ಒಂದು ಸುಳ್ಳು ಹೇಳಿದರು, ಬ್ವಾನಾ. ಅವರ ಮೇಲೆ ನನಗೆ ಸಿಟ್ಟಿದೆ, ಅದು ಇಳಿದೀತು," ಎಂದಳು, ದನಿ ಏರಿಸದೆ. ಆಮೇಲೆ ವಿಶ್ವನಾಥ್ ಕಡೆ ಕೈ ತೋರಿಸಿದಳು. "ಈ ಮನುಷ್ಯ ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದವರು. ಮನೆಯೊಳಗೆ ಬಂದವರೇ, ಏನಾಯಿತು ಎಂದು ಮೊದಲು ನನ್ನನ್ನು ಕೇಳಿದರು. ನಿನ್ನೆಯಿಂದ ನೀವು ಒಂದು ಸಲವೂ ಕೇಳಲಿಲ್ಲ."

ಕೀಯನ್ನು ಹಿಲರಿಯ ಕೈಗೇ ಕೊಟ್ಟು ಆಕೆ ಮೆಟ್ಟಿಲಿಳಿದಳು. ಅವರು ಚಪ್ಪಲಿಯನ್ನೂ ಹಾಕಿಕೊಳ್ಳದೆ, ಹೆಸರು ಹಿಡಿದು ಕೂಗುತ್ತಾ ಗೇಟಿನವರೆಗೆ ಓಡಿದರು. ಅಷ್ಟರಲ್ಲಿ ಬಂದ ಮಟಾಟುವಿಗೆ ಆಕೆ ಕೈ ಅಡ್ಡ ಹಿಡಿದು, ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಹೋಗಿ ಕೂತಳು.