ಬಯಕೆಯ ಗಿಣ್ಣು

“ಡಾಕ್ಟರ್, ನಾನು ಗಿಣ್ಣು ತಿಂದಿದ್ದಕ್ಕೇ ಹೀಗಾಯ್ತಾ?”

ತನುಜಾ ಒಂದೇ ಉಸಿರಿಗೆ ಕೇಳಿಬಿಟ್ಟಳು. ಡಾಕ್ಟರ್ ದಾಕ್ಷಾಯಣಿ ಅವಳ ತಮ್ಮ ಪುಟ್ಟನ ರಕ್ತಪರೀಕ್ಷೆಯ ರಿಪೋರ್ಟಿನಿಂದ ತಲೆಯೆತ್ತಿದರು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಮ್ಮ ಬೆಚ್ಚಿದಳು.

“ಯಾವ ಗಿಣ್ಣೇ ಮಾರಾಯ್ತಿ?”

“ಹೊಳಲೂರಿಂದ ಹೂವಮ್ಮಜ್ಜಿ ನಿಂಗೆ ಅಂತ ತಂದಿದ್ರಲ್ಲ, ಅದು. ಬೆಕ್ಕು ಬಾಯಿ ಹಾಕ್ತು ಅಂದಿದ್ದು ಸುಳ್ಳು. ಎಲ್ಲಾ ನಾನೇ ತಿಂದೆ.”

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿಗೆ ಕೊರತೆ ತಪ್ಪದು ಎಂದು ಮನೆಯಲ್ಲಿ ಅಜ್ಜಿ ಹೇಳುತ್ತಿದ್ದಳು. ಆಗ ಅಮ್ಮನಿಗೆ ಗಿಣ್ಣಿನದೇ ಬಯಕೆ. ಈಗ ಪುಟ್ಟನಿಗೆ ಐದು ತಿಂಗಳು; ಕುತ್ತಿಗೆ ಇನ್ನೂ ನಿಂತಿಲ್ಲ. ಡೌನ್ ಸಿಂಡ್ರೋಮ್ ಅಂತೆ. ಮಾತು, ನಡಿಗೆ ಎಲ್ಲ ತಡ. ಔಷಧಿಗೆ ಹೋಗುವಂಥದ್ದಲ್ಲ.

ಡಾಕ್ಟರ್ ನಗಲಿಲ್ಲ.

“ಬಾ ಇಲ್ಲಿ. ನಮ್ಮ ಮೈಯೆಲ್ಲ ಜೀವಕೋಶ. ಒಂದು ಒಡೆದು ಎರಡಾಗಿ, ಎರಡು ನಾಲ್ಕಾಗಿ ಬೆಳೀತೀವಿ. ಅದರೊಳಗೆ ಕ್ರೋಮೋಸೋಮ್ ಅನ್ನೋ ಎಳೆಗಳಿರ್ತವೆ. ಕೋಶ ಒಡೆಯುವಾಗ ಅವು ಸರಿಯಾಗಿ ಪಾಲಾಗಬೇಕು. ಪುಟ್ಟನ ಮೊಟ್ಟಮೊದಲ ಕೋಶಕ್ಕೇ ಒಂದು ಎಳೆ ಹೆಚ್ಚಿಗೆ ಬಂದಿತ್ತು.”

“ಯಾರು ಹಾಕಿದ್ದು?”

“ಯಾರೂ ಅಲ್ಲಮ್ಮ. ಪಾಲಾಗುವಾಗ ತಪ್ಪಿತು, ಅಷ್ಟೆ. ನಮ್ಮಮ್ಮಂಗೆ ಕ್ಯಾನ್ಸರ್ ಬಂದಿದ್ದೂ ಹೀಗೇ, ಕೋಶ ಒಡೆಯುವಾಗ ಎಲ್ಲೋ ತಪ್ಪಾಗಿ. ಡಾಕ್ಟರಾಗಿಯೂ ನಾನು ಏನು ತಪ್ಪು ಮಾಡಿದೆ ಅಂತ ಹುಡುಕ್ತಾನೇ ಇದ್ದೆ.”

“ಹಾಗಾದ್ರೆ ಇದು ಗಿಣ್ಣು ತರೋಕೂ ಮೊದಲೇ ಆಗಿದ್ದಾ?”

“ಮೊದಲೇ. ನಿಮ್ಮಮ್ಮಂಗೆ ಬಸುರಿ ಅಂತ ಗೊತ್ತಾಗೋಕೂ ಮೊದಲೇ.”

ಭದ್ರಾವತಿ ಬಸ್ಸಿನಲ್ಲಿ ಕೂತ ಮೇಲೂ ತನುಜಾಳ ಎದೆ ಹಗುರಾಗಲಿಲ್ಲ. ತನ್ನ ತಪ್ಪೇ ಆಗಿದ್ದರೆ ‘ಸಾರಿ’ ಅನ್ನಬಹುದಿತ್ತು. ಈಗ ಯಾರಿಗೆ ಅನ್ನುವುದು?

“ಅಮ್ಮ, ಸುಳ್ಳು ಹೇಳಿದ್ದಕ್ಕೆ ಬೈಯಲ್ವಾ?”

ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. “ಅವತ್ತು ನಾನು ತುಂಬಿದ ಕೊಡ ಎತ್ತಬಾರದಿತ್ತು ಕಣೇ,” ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ಡಾಕ್ಟರ್ ಹೇಳಿದ್ದು ಅಮ್ಮನಿಗೂ ಕೇಳಿಸಿತ್ತಲ್ಲ? ತನುಜಾ ಅವಳ ಮುಖವನ್ನೇ ನೋಡಿದಳು. ಇಷ್ಟು ದಿನ ಅಮ್ಮನೂ ಹುಡುಕುತ್ತಲೇ ಇದ್ದಳು.

“ಕೊಡ ಎತ್ತೋಕೂ ಮೊದಲೇ ಅಮ್ಮ,” ಎಂದಳು ಮೆಲ್ಲಗೆ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಸ್ಸು ಕುಲುಕಿತು. ಪುಟ್ಟನ ತಲೆ ಒಂದು ಕಡೆಗೆ ವಾಲಿತು. ತನುಜಾ ಅದರಡಿಗೆ ತನ್ನ ಅಂಗೈ ಕೊಟ್ಟಳು. ತಾವು ಇಳಿಯುವ ಕಾಗದನಗರ ಬರುವವರೆಗೂ ತೆಗೆಯಲಿಲ್ಲ.